ಎಪ್ಪತ್ತಕ್ಕೆ ಐವತ್ತು

1987ರ ಮಾರ್ಚ್ ತಿಂಗಳ ಒಂದು ಮಂಗಳವಾರ ಬೆಳಿಗ್ಗೆ ಜಗಳೂರಿನಲ್ಲಿ ಒಬ್ಬ ಗಣಿತದ ಮೇಷ್ಟ್ರು ತೀರಿಕೊಂಡರು. ನಿವೃತ್ತಿಗೆ ಇನ್ನೂ ಏಳು ತಿಂಗಳಿತ್ತು. ಮಾರನೆಯ ದಿನ ದಾವಣಗೆರೆಯ ನಮ್ಮ ಪತ್ರಿಕೆಯಲ್ಲಿ ನಾಲ್ಕು ಸಾಲಿನ ಸುದ್ದಿ ಬಂತು. ಹೆಸರು, ವಯಸ್ಸು, ಕೆಲಸ ಮಾಡಿದ ಊರುಗಳು: ನ್ಯಾಮತಿ, ಹೊನ್ನಾಳಿ, ಚನ್ನಗಿರಿ, ಜಗಳೂರು. ಪತ್ನಿ ಮತ್ತು ಒಬ್ಬ ಮಗಳು ಇದ್ದಾರೆ. ನಾಲ್ಕೂ ಸಾಲು ನಾನೇ ಬರೆದದ್ದು. ಅದರಲ್ಲಿ ತಪ್ಪಿಲ್ಲ. ಚನ್ನಗಿರಿಯಿಂದ ಜಗಳೂರಿಗೆ ಅವರು ಯಾಕೆ ಹೋದರು ಎಂಬುದು ಮಾತ್ರ ಅದರಲ್ಲಿಲ್ಲ.

ಅವರ ಹೆಸರನ್ನು ನಾನು ಎರಡು ಸಲ ಅಚ್ಚು ಹಾಕಿಸಿದ್ದೇನೆ. ಎರಡನೆಯದು ಈ ನಾಲ್ಕು ಸಾಲು. ಮೊದಲನೆಯದರ ವಿಷಯ ಮುಂದೆ ಬರುತ್ತದೆ. ಮೂರನೆಯ ಸಲ ಬೇಡ.

ಅವರನ್ನು ಮೊದಲು ಕಂಡದ್ದು 1971ರಲ್ಲಿ, ನ್ಯಾಮತಿಯಲ್ಲಿ ಒಂಬತ್ತನೆಯ ತರಗತಿಗೆ ಸೇರಿದಾಗ. ಎತ್ತರದ ಆಳು. ಬೋರ್ಡಿನ ಮೇಲ್ತುದಿಯಿಂದಲೇ ಬರೆಯಲು ಶುರು ಮಾಡುತ್ತಿದ್ದುದರಿಂದ ಮುಂದಿನ ಬೆಂಚಿನವರ ಕುತ್ತಿಗೆ ನೋಯುತ್ತಿತ್ತು. ಹೊಸ ಸೀಮೆಸುಣ್ಣವನ್ನು ಮೂರು ತುಂಡು ಮಾಡಿ, ಒಂದನ್ನು ಕೈಯಲ್ಲಿಟ್ಟುಕೊಂಡು ಎರಡನ್ನು ಅಂಗಿಯ ಜೇಬಿಗೆ ಇಳಿಸುತ್ತಿದ್ದರು. ಸಂಜೆಯ ಹೊತ್ತಿಗೆ ಜೇಬೆಲ್ಲ ಬೆಳ್ಳಗೆ. ಯಾರನ್ನೂ ಹೊಗಳುತ್ತಿರಲಿಲ್ಲ. ಇಡೀ ತರಗತಿ ತಲೆ ಕೆರೆದುಕೊಂಡ ಲೆಕ್ಕವನ್ನು ಒಬ್ಬ ಬಿಡಿಸಿದರೂ ಅವರ ಬಾಯಿಂದ ಬರುತ್ತಿದ್ದುದು ಒಂದೇ ಮಾತು: "ನಡೀತೈತೆ, ಕೂತ್ಕೋ."

ಪುಸ್ತಕ ವಾಕ್ಯರೂಪದ ಲೆಕ್ಕ ಎನ್ನುತ್ತಿದ್ದುದನ್ನು ಅವರು ಕಥೆ ಲೆಕ್ಕ ಎನ್ನುತ್ತಿದ್ದರು. ಒಂದು ಕಥೆ ಲೆಕ್ಕವನ್ನು ಬೋರ್ಡಿನ ಮೇಲೆ ಬರೆದು, ಬೋರ್ಡಿಗೆ ಬೆನ್ನು ಕೊಟ್ಟು, ಕೈಕಟ್ಟಿ ನಿಲ್ಲುತ್ತಿದ್ದರು. ಉತ್ತರ ಹೇಳಲು ಕೈ ಎತ್ತಿದವರನ್ನು ನೋಡುತ್ತಲೇ ಇರಲಿಲ್ಲ. "ಉತ್ತರ ಆಮ್ಯಾಲೆ. ಮೊದಲು ಪ್ರಶ್ನೆ ಕೇಳ್ರಿ." ಏನು ಕೇಳಬೇಕು ಎಂಬುದು ಒಂದು ತಿಂಗಳಲ್ಲಿ ನಮಗೆ ಗೊತ್ತಾಯಿತು. ಸರಾಸರಿ ಎಂಬ ಪದ ಕಂಡ ಕೂಡಲೇ ಕೇಳಬೇಕಾದ ಪ್ರಶ್ನೆ ಒಂದೇ: "ಎಷ್ಟು ಮಂದಿ ಸಾ?" ಅದನ್ನು ಕೇಳದೆ ಯಾರಾದರೂ ಕೂಡಿ ಭಾಗಿಸಲು ಹೊರಟರೆ, ಅವರ ನೋಟ್‌ಬುಕ್ಕಿನ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಎರಡು ಪದ ಬೀಳುತ್ತಿದ್ದವು. ಎಷ್ಟು ಮಂದಿ?

ಗೊತ್ತಿಲ್ಲದ ಸಂಖ್ಯೆಗೆ ಅವರಿಟ್ಟ ಹೆಸರು ಎಕ್ಸಪ್ಪ. ಮೇಜಿನ ಪಕ್ಕ ಒಂದು ಕಾಲು ಅಲ್ಲಾಡುವ ಸ್ಟೂಲಿತ್ತು, ಅದು ಎಕ್ಸಪ್ಪನದು. "ಎಕ್ಸಪ್ಪ ಬಂದಾನೆ. ಕೂರ್ಸ್ರಿ ಮೊದಲು. ಯಾರು ಅಂತ ಗೊತ್ತಿಲ್ಲ ಅಂತ ಹೊರಗೆ ನಿಲ್ಲಿಸಬ್ಯಾಡ್ರಿ. ಕೂರಿಸಿ, ಅವನ ಸುತ್ತಮುತ್ತ ಗೊತ್ತಿರೋದನ್ನೆಲ್ಲಾ ಕೇಳ್ರಿ. ತಾನೇ ಬಾಯಿ ಬಿಡ್ತಾನೆ." ಎರಡು ಅಜ್ಞಾತಗಳಿದ್ದ ದಿನ ವೈಯಮ್ಮನೂ ಬರುತ್ತಿದ್ದಳು. ಯಾರೋ ಒಬ್ಬ ಹಿಂದಿನ ಬೆಂಚಿನಿಂದ, "ಸಾ, ಇಬ್ಬರಿಗೂ ಒಂದೇ ಸ್ಟೂಲು ಸಾಲ್ದು," ಎಂದ. ಮೇಷ್ಟ್ರು ನಗಲಿಲ್ಲ. ತಮ್ಮ ಕುರ್ಚಿಯನ್ನು ಎಳೆದು ಸ್ಟೂಲಿನ ಪಕ್ಕ ಹಾಕಿ, ಪಾಠ ಮುಗಿಯುವವರೆಗೂ ನಿಂತೇ ಇದ್ದರು.

ಅನುಪಾತದ ಪಾಠ ನಡೆದದ್ದು ಮಂಡಕ್ಕಿಯ ಮೇಲೆ. ಪೇಪರ್ ಹಾಸಿ, ಎಂಟು ಪಾವು ಮಂಡಕ್ಕಿಗೆ ಒಂದು ಪಾವು ಹುರಿದ ಶೇಂಗಾ ಬೆರೆಸಿ, ಎಂಟಕ್ಕೆ ಒಂದು ಎಂದು ಬರೆಸಿದರು. ಬರೆದು ತಲೆ ಎತ್ತುವಷ್ಟರಲ್ಲಿ ಒಬ್ಬ ಶೇಂಗಾವನ್ನಷ್ಟೇ ಆರಿಸಿ ಬಾಯಿಗೆ ಹಾಕಿಕೊಂಡಿದ್ದ. "ಲೇ, ಅನುಪಾತ ತಿಂದಲ್ಲೋ!" ಎಂದರು. ಎಷ್ಟು ಶೇಂಗಾ ಮತ್ತೆ ಹಾಕಿದರೆ ಸರಿಹೋಗುತ್ತದೆ ಎಂದು ಅವನ ಕೈಯಲ್ಲೇ ಲೆಕ್ಕ ಮಾಡಿಸಿದರು. ಅವನು ಈಗ ಹೊನ್ನಾಳಿಯಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದಾನೆ. ಈಚೆಗೆ ಸಿಕ್ಕಾಗಲೂ ಮೊದಲು ಆ ಮಾತನ್ನೇ ಎತ್ತಿದ.

ನಾನು ಜಾಣ ಹುಡುಗ ಎನ್ನಿಸಿಕೊಂಡಿದ್ದೆ. ಅದಕ್ಕೇ ಬಸ್ಸಿನ ಲೆಕ್ಕದಲ್ಲಿ ಎಲ್ಲರಿಗಿಂತ ಮೊದಲು ಬಿದ್ದವನೂ ನಾನೇ. ಬಸ್ಸು ಹೋಗುವಾಗ ಗಂಟೆಗೆ ಮೂವತ್ತು ಮೈಲಿ, ಅದೇ ದಾರಿಯಲ್ಲಿ ಬರುವಾಗ ಇಪ್ಪತ್ತು. ಒಟ್ಟು ಪಯಣದ ಸರಾಸರಿ ವೇಗ ಎಷ್ಟು? "ಇಪ್ಪತ್ತೈದು," ಎಂದೆ, ಕೈಯೂ ಎತ್ತದೆ.

"ಹೌದೇನು? ದಾರಿ ಅರವತ್ತು ಮೈಲಿ ಅಂತ ಇಟ್ಕೋ. ಹೋಗಾಕೆ ಎಷ್ಟು ಹೊತ್ತು?"

"ಎರಡು ಗಂಟೆ ಸಾ."

"ಬರಾಕೆ?"

"ಮೂರು."

"ನೂರಿಪ್ಪತ್ತು ಮೈಲಿ, ಐದು ಗಂಟೆ. ಈಗ ಹೇಳು."

ಇಪ್ಪತ್ತನಾಲ್ಕು. ಅವರು ನನ್ನ ಬೆಂಚಿನ ಹತ್ತಿರ ಬಂದು ನಿಂತರು. "ಒಂದು ಮೈಲಿ ಎಲ್ಲಿ ಹೋತು? ಮೆತ್ತಗೆ ಹೋಗೋ ಬಸ್ಸಿನಾಗೆ ಹೆಚ್ಚು ಹೊತ್ತು ಕೂತಿದ್ದೆ, ಅದನ್ನ ಮರೆತೆ. ಎರಡು ಸರಾಸರಿ ಕಂಡ ಕೂಡ್ಲೇ ಕೂಡಿಸಿ ಎರಡರಿಂದ ಭಾಗಿಸಬ್ಯಾಡ. ಯಾವುದರ ಬೆನ್ನಿಗೆ ಎಷ್ಟು ಐತೆ ಅಂತ ನೋಡು. ತಿಳೀತಾ?"

ತಿಳಿಯಿತು. ಬೋರ್ಡ್ ಪರೀಕ್ಷೆಯಲ್ಲಿ ಸರಾಸರಿಯ ಲೆಕ್ಕ ಬಂತು, ಪೂರ್ತಿ ಅಂಕವೂ ಬಂತು. ಇದನ್ನು ಇಷ್ಟು ವಿವರವಾಗಿ ಹೇಳುತ್ತಿರುವುದು, ನನಗೆ ಯಾರೂ ಕಲಿಸಿರಲಿಲ್ಲ ಎಂದು ನಾನು ಹೇಳುವಂತಿಲ್ಲ ಎನ್ನುವುದಕ್ಕೆ.

ವೇಗ, ದೂರ, ಕಾಲ ಕಲಿಸುತ್ತಿದ್ದ ಈ ಮನುಷ್ಯ ಬಸ್ ತಪ್ಪಿಸಿಕೊಳ್ಳುವುದರಲ್ಲಿ ಹೆಸರುವಾಸಿ. ಹೊನ್ನಾಳಿಗೆ ವರ್ಗವಾದ ಮೇಲೂ ಮೂರು ವರ್ಷ ನ್ಯಾಮತಿಯಲ್ಲೇ ಮನೆ ಇತ್ತು. ನಿಲ್ದಾಣಕ್ಕೆ ಓಡಿ ಬರುವಾಗ ದಾರಿಯಲ್ಲಿ ಯಾವುದಾದರೂ ಹುಡುಗ ಸಿಕ್ಕಿ ಲೆಕ್ಕ ಕೇಳಿದರೆ ಅಲ್ಲೇ ನಿಂತು, ಮಣ್ಣಿನಲ್ಲಿ ಕಡ್ಡಿಯಿಂದ ಬರೆಯುತ್ತಿದ್ದರು. ಕಂಡಕ್ಟರುಗಳು ಕಿಟಕಿಯಿಂದ ಕೂಗುತ್ತಿದ್ದರು: "ಮೇಷ್ಟ್ರೇ, ಬರ್ತೀರೋ ಭಾಗಾಕಾರ ಮುಗಿಸ್ತೀರೋ?"

1976ರಲ್ಲಿ ಅವರು ಚನ್ನಗಿರಿಗೆ ಬಂದರು. 1980ರ ಮಾರ್ಚಿನಲ್ಲಿ ನಾನೂ ಅಲ್ಲಿಗೆ ಹೋದೆ, ದಾವಣಗೆರೆಯ ಪತ್ರಿಕೆಯ ಬಾತ್ಮೀದಾರನಾಗಿ. ಮೊದಲ ವಾರದಲ್ಲೇ ಅವರನ್ನು ಕಾಣಲು ಹೋದೆ. ಬೆಳಿಗ್ಗೆ ಏಳು ಗಂಟೆ. ಶಾಲೆಯ ಜಗುಲಿಯಲ್ಲಿ ಹತ್ತು ಮಂದಿಗೆ ಪಾಠ ನಡೆದಿತ್ತು. ಗಣಿತದಲ್ಲಿ ಎರಡು ಸಲ, ಮೂರು ಸಲ ನಪಾಸಾದವರು. ಕತ್ತಲಗೆರೆಯಿಂದ ಸೈಕಲ್ಲಿನಲ್ಲಿ ಬರುವ ಒಬ್ಬ, ಉಬ್ರಾಣಿಯ ಒಬ್ಬ, ಹೊಲಿಗೆ ಅಂಗಡಿಯ ಇಬ್ಬರು. ಮುಂದೆ ಕೂತಿದ್ದವಳು ಹಾಲಮ್ಮ. ಹೊನ್ನಾಳಿ ಕಡೆಯವಳು, ಅಕ್ಕನ ಮನೆಯಲ್ಲಿದ್ದು ಓದುತ್ತಿದ್ದಳು. ಇಪ್ಪತ್ತೆರಡು ವರ್ಷವಿರಬಹುದು. ಎಸ್ಸೆಸ್ಸೆಲ್ಸಿ ಪಾಸಾದರೆ ನರ್ಸ್ ತರಬೇತಿಗೆ ಸೇರಬಹುದು, ಗಣಿತವೊಂದೇ ಅಡ್ಡ. "ಎಕ್ಸಪ್ಪ ನನ್ನ ಮೂರು ವರ್ಷ ತಿಂದಾನ್ರಿ," ಎಂದಳು, ನನ್ನನ್ನು ಯಾರೋ ಅಧಿಕಾರಿ ಎಂದುಕೊಂಡು.

ಇವರನ್ನೂ ತಮ್ಮ ಶಾಲೆಯ ಮೂಲಕವೇ ಪರೀಕ್ಷೆಗೆ ಕೂರಿಸಿ, ತಮ್ಮ ಫಲಿತಾಂಶದ ಹಾಳೆಗೆ ಸೇರಿಸಬೇಕೆಂದು ಮೇಷ್ಟ್ರು ಹಟ ಹಿಡಿದಿದ್ದರು. ಹೆಡ್‌ಮಾಸ್ಟರು ಬೇಡವೆಂದರಂತೆ. "ನಿಮ್ಮ ಫಲಿತಾಂಶ ಕೆಡ್ತದೆ ನೋಡ್ರಿ." ಅದಕ್ಕೆ ಇವರು, "ಕೆಟ್ರೆ ಕೆಡ್ಲಿ. ಪಟ್ಟಿ ಪೂರ್ತಿ ಇರ್ಲಿ," ಅಂದರಂತೆ.

ಆ ದಿನ ಬೀಳ್ಕೊಡುವಾಗ ನನಗೆ ಹೇಳಿದರು: "ಇವರ ಬಗ್ಗೆ ಒಂದೀಟು ಬರಿಯಪ್ಪಾ. ಇನ್ನೂ ನಾಕು ಮಂದಿ ಬಂದಾರು."

"ಅದು ಸುದ್ದಿ ಆಗಲ್ಲ ಸಾರ್," ಎಂದೆ. ಕೆಲಸಕ್ಕೆ ಸೇರಿ ಆರು ದಿನವಾಗಿತ್ತು.

ಜೂನ್ ತಿಂಗಳಲ್ಲಿ ಫಲಿತಾಂಶ ಬಂತು. ಆಗ ನಮ್ಮ ಸುದ್ದಿ ಹೋಗುತ್ತಿದ್ದುದು ಬಸ್ಸಿನಲ್ಲಿ. ಬರೆದು, ಕವರಿಗೆ ಹಾಕಿ, ಐದೂವರೆಯ ದಾವಣಗೆರೆ ಬಸ್ಸಿನ ಕಂಡಕ್ಟರ್ ಕೈಗೆ ಕೊಡಬೇಕು. ಅಲ್ಲಿ ಕಚೇರಿಯ ಹುಡುಗ ಇಳಿಸಿಕೊಳ್ಳುತ್ತಾನೆ. ಅಂದು ಶಾಲೆಯಿಂದ ಹಾಳೆ ಕೈಗೆ ಸಿಕ್ಕಾಗ ಐದು ಇಪ್ಪತ್ತು. ಗಣಿತಕ್ಕೆ ಎರಡು ಸಾಲಿತ್ತು. ಶಾಲೆಯ ವಿದ್ಯಾರ್ಥಿಗಳು: ಕೂತವರು ಅರವತ್ತು, ಪಾಸಾದವರು ನಲವತ್ತೆಂಟು, ಶೇಕಡ ಎಂಬತ್ತು. ಮರುಪರೀಕ್ಷೆಯವರು: ಕೂತವರು ಹತ್ತು, ಪಾಸಾದವರು ಇಬ್ಬರು, ಶೇಕಡ ಇಪ್ಪತ್ತು. ಬಸ್ಸಿನ ಬಾನೆಟ್ಟಿನ ಮೇಲೆ ಹಾಳೆ ಇಟ್ಟು ಎಂಬತ್ತನ್ನೂ ಇಪ್ಪತ್ತನ್ನೂ ಕೂಡಿದೆ. ಎರಡರಿಂದ ಭಾಗಿಸಿದೆ. ಐವತ್ತು.

ಸುದ್ದಿಯ ಶೀರ್ಷಿಕೆ: "ಚನ್ನಗಿರಿ: ಗಣಿತದಲ್ಲಿ ಅರ್ಧಕ್ಕರ್ಧ ನಪಾಸು". ಎರಡನೆಯ ವಾಕ್ಯದಲ್ಲಿ ಮೇಷ್ಟ್ರ ಹೆಸರು ಹಾಕಿದೆ. ಹಾಕಲೇಬೇಕೆಂದೇನೂ ಇರಲಿಲ್ಲ. ತನಗೆ ಕಲಿಸಿದವರೆಂದು ಬಿಡದೆ ಬರೆದ ಎಂದು ದಾವಣಗೆರೆಯಲ್ಲಿ ಅನ್ನಿಸಿಕೊಳ್ಳಬೇಕಿತ್ತು. ಅನ್ನಿಸಿಕೊಂಡೆ ಕೂಡ, ಉಪಸಂಪಾದಕರು ಮಾರನೆಯ ದಿನ ಕಾರ್ಡು ಬರೆದು ಮೆಚ್ಚಿದರು. ಮೇಷ್ಟ್ರ ಮನೆ ಬಸ್ ನಿಲ್ದಾಣದಿಂದ ಐದು ನಿಮಿಷದ ದಾರಿ. ಹೋಗಿ ಕೇಳಲಿಲ್ಲ.

ಐದನೆಯ ದಿನ ಅವರೇ ನನ್ನ ಕೋಣೆಗೆ ಬಂದರು. ಕೂರಲಿಲ್ಲ. ಜೇಬಿನಿಂದ ಪತ್ರಿಕೆಯ ತುಣುಕು ತೆಗೆದರು. ಅದಕ್ಕೂ ಸೀಮೆಸುಣ್ಣ ಮೆತ್ತಿತ್ತು.

"ಐವತ್ತು ಎಲ್ಲಿಂದ ತಂದೆ?"

ನಾನು ಹಾಳೆ ತೋರಿಸಲು ಹೋದೆ. ತೋರಿಸುವಾಗಲೇ ಕಂಡಿತು. ಐವತ್ತು ಎಂಬುದು ಸುಳ್ಳಲ್ಲ, ಪಾಸಾದವರು ಐವತ್ತೇ. ಆದರೆ ನೂರಕ್ಕಲ್ಲ, ಎಪ್ಪತ್ತಕ್ಕೆ. ಶೇಕಡ ಎಪ್ಪತ್ತೊಂದು ಪಾಯಿಂಟ್ ನಾಲ್ಕು. ನನ್ನ ಬೆರಳು ಆ ಸಾಲಿನ ಮೇಲೆ ನಿಂತುಬಿಟ್ಟಿತು. ಅವರು ಬೈಯಲಿಲ್ಲ. ಇಲಾಖೆಯವರು ಈ ತುಣುಕನ್ನು ಅಂಟಿಸಿ ವಿವರಣೆ ಕೇಳಿದ್ದಾರೆ, ಬೇರೆ ಜಿಲ್ಲೆಗೆ ವರ್ಗ ಮಾಡುವ ಮಾತಿದೆ, ಪತ್ರಿಕೆಯಲ್ಲಿ ತಿದ್ದುಪಡಿ ಬಂದರೆ ಕಡತ ಮುಚ್ಚುತ್ತಾರಂತೆ, ಹದಿನೈದು ದಿನ ನೋಡುತ್ತಾರಂತೆ ಎಂದು ಹೇಳಿದರು.

"ಎಲ್ಲಾದ್ರೂ ಲೆಕ್ಕ ಲೆಕ್ಕನೇ, ನನಗೇನೂ ಇಲ್ಲ. ನಪಾಸಾದ ಎಂಟು ಮಂದಿ ಅಕ್ಟೋಬರ್ ಪರೀಕ್ಷೆಗೆ ಕೂರೋರವ್ರೆ. ಅವರಿಗೆ ಯಾರು ಹೇಳ್ಕೊಡ್ತಾರೆ? ಒಂದು ಸಾಲು ಹಾಕ್ಸು, ಸಾಕು."

ಅಂದೇ ತಿದ್ದುಪಡಿ ಬರೆದೆ. ಎರಡು ವಾಕ್ಯ. ಕವರಿಗೆ ಹಾಕಿ ನಿಲ್ದಾಣಕ್ಕೆ ಹೋದೆ. ಬಸ್ಸು ಬಂತು. ಕಂಡಕ್ಟರ್ ಎಂದಿನಂತೆ ಕೈ ಚಾಚಿದ. "ಇವತ್ತು ಏನೂ ಇಲ್ಲ," ಎಂದೆ. ಸೇರಿ ಮೂರು ತಿಂಗಳಾಗಿತ್ತು, ಖಾಯಂ ಆಗಿರಲಿಲ್ಲ. ಮೆಚ್ಚುಗೆಯ ಕಾರ್ಡು ಬಂದು ಎರಡು ದಿನವಾಗಿತ್ತು. ಮರುದಿನ ಕೊಡೋಣ ಎಂದುಕೊಂಡೆ. ಮರುದಿನವೂ ಕವರು ನನ್ನ ಜೇಬಿನಲ್ಲೇ ಇತ್ತು.

ವಾರದ ನಂತರ ದಾರಿಯಲ್ಲಿ ಸಿಕ್ಕಿ ಕೇಳಿದರು: "ಕಳಿಸಿದೆಯೇನಪ್ಪಾ?"

"ಕಳಿಸಿದೀನಿ ಸಾರ್. ಹಾಕೋದು ಬಿಡೋದು ಅವರಿಗೆ ಬಿಟ್ಟದ್ದು."

ಆಮೇಲೆ ಪ್ರತಿ ಬೆಳಿಗ್ಗೆ ಅವರು ಪಾಠ ಮುಗಿಸಿ ಗ್ರಂಥಾಲಯಕ್ಕೆ ಹೋಗಿ, ನಿಂತೇ ನಮ್ಮ ಪತ್ರಿಕೆಯ ನಾಲ್ಕೂ ಪುಟ ನೋಡಿ ಹೋಗುತ್ತಿದ್ದರೆಂದು ಅಲ್ಲಿನ ಜವಾನ ಹೇಳಿದ. ಜುಲೈ ಕೊನೆಗೆ ಜಗಳೂರಿಗೆ ವರ್ಗದ ಆದೇಶ ಬಂತು. ಹೋಗುವ ದಿನ ನಾನು ನಿಲ್ದಾಣಕ್ಕೆ ಹೋಗಲಿಲ್ಲ. ಹೋಗಿದ್ದವರು ಹೇಳಿದ್ದು: ಆ ಎಂಟು ಮಂದಿಯಲ್ಲಿ ಒಬ್ಬಳಾದ ಹಾಲಮ್ಮ ಏನೋ ಒಂದು ಲೆಕ್ಕ ಹಿಡಿದು ಬಂದಿದ್ದಳಂತೆ, ಅವರು ಅದನ್ನು ಬಿಡಿಸಲು ಕೂತು ಬಸ್ಸು ತಪ್ಪಿತಂತೆ. ಮುಂದಿನ ಬಸ್ಸಿಗೆ ಹೋದರಂತೆ.

ಜಗುಲಿಯ ಪಾಠ ನಿಂತಿತು. ನಾನು ಆ ವರ್ಷದ ಕೊನೆಗೆ ಖಾಯಂ ಆದೆ.

1984ರಲ್ಲಿ ಜಗಳೂರಿನ ಬಸ್ ಸೌಕರ್ಯದ ಬಗ್ಗೆ ಬರೆಯಲು ಹೋದಾಗ ಶಾಲೆಗೆ ಹೋದೆ. ಹೋಗದೆ ಬರಬಹುದಿತ್ತು; ನಿಲ್ದಾಣದಲ್ಲಿ ಎರಡು ಸಲ ಟೀ ಕುಡಿದ ಮೇಲೆ ಹೋದೆ. ಕಿಟಕಿಯಿಂದ ನನ್ನನ್ನು ಕಂಡು, ಕೈಸನ್ನೆ ಮಾಡಿ ಒಳಗೆ ಕರೆದರು. ತಲೆ ಪೂರ್ತಿ ನರೆತಿತ್ತು. "ಹಿಂದಿನ ಬೆಂಚಿನಾಗೆ ಕೂತ್ಕೋ. ಹತ್ತು ನಿಮಿಷ ಐತೆ."

ಮೇಜಿನ ಪಕ್ಕ ಒಂದು ಸ್ಟೂಲಿತ್ತು. ಅಂದು ಸರಾಸರಿಯ ಪಾಠ.

ಎರಡು ಜಡೆಯ ಒಬ್ಬ ಹುಡುಗಿ ಎದ್ದು, "ಸಾ, ಪೇಪರ್ ಲೆಕ್ಕ ಹಾಕ್ರಿ ಸಾ. ಬಿ ಸೆಕ್ಷನ್ನಿಗೆ ನಿನ್ನೇನೇ ಹಾಕೀರಂತೆ," ಎಂದಳು.

ಅವರು ಒಮ್ಮೆ ನನ್ನ ಕಡೆ ನೋಡಿದರು. "ಇವತ್ತು ಬ್ಯಾಡ."

ಇಡೀ ತರಗತಿ "ಹಾಕ್ರಿ ಸಾ" ಎಂದು ರಾಗ ಎಳೆಯಿತು. ಅವರು ತಿರುಗಿ, ಬೋರ್ಡಿನ ಮೇಲ್ತುದಿಯಿಂದ ಬರೆದರು. ಒಂದು ಗುಂಪಿನಲ್ಲಿ ಅರವತ್ತು ಮಂದಿ, ಶೇಕಡ ಎಂಬತ್ತು ಪಾಸು. ಇನ್ನೊಂದರಲ್ಲಿ ಹತ್ತು ಮಂದಿ, ಶೇಕಡ ಇಪ್ಪತ್ತು. ಒಬ್ಬ ವರದಿಗಾರ ಒಟ್ಟು ಫಲಿತಾಂಶ ಶೇಕಡ ಐವತ್ತು ಎಂದು ಬರೆದನು. ಅವನು ಎಲ್ಲಿ ತಪ್ಪಿದನು?

"ಎಷ್ಟು ಮಂದಿ ಅಂತ ಕೇಳ್ಲಿಲ್ಲ ಸಾ!" ಇಪ್ಪತ್ತು ಗಂಟಲು ಒಟ್ಟಿಗೆ.

"ಅಷ್ಟೂ ತಿಳೀದೋನಿಗೆ ಪೇಪರ್‌ನಾಗೆ ಯಾರು ಕೆಲಸ ಕೊಟ್ರೋ," ಎಂದ ನನ್ನ ಮುಂದಿನ ಬೆಂಚಿನ ಹುಡುಗ, ಪಕ್ಕದವನಿಗೆ. ಪಕ್ಕದವನು ಎದ್ದು ಕೇಳಿಯೇಬಿಟ್ಟ: "ಅವ್ನಿಗೆ ಲೆಕ್ಕ ಯಾರು ಹೇಳ್ಕೊಟ್ಟಿದ್ರು ಸಾ?"

"ನಾನೇ," ಎಂದರು. ತಮಾಷೆ ಎಂದುಕೊಂಡು ಎಲ್ಲರೂ ನಕ್ಕರು.

ನಗು ನಿಂತ ಮೇಲೆ ಎರಡು ಜಡೆಯವಳು ಕೇಳಿದಳು: "ಆಮ್ಯಾಲೆ ತಿದ್ದಿದನಾ ಸಾ ಅವನು?"

"ತಿದ್ದಿ ಕಳಿಸಿದ. ಪೇಪರಿನೋರು ಹಾಕಲಿಲ್ಲ. ಅವನದು ಒಂದೇ ತಪ್ಪು, ಎರಡಲ್ಲ. ಬರ್ಕೊಳ್ರಿ."

ಗಂಟೆ ಹೊಡೆಯಿತು.

ನಿಲ್ದಾಣದವರೆಗೂ ನನ್ನ ಜೊತೆ ನಡೆದು ಬಂದರು. ದಾರಿಯಲ್ಲಿ ಮಂಡಕ್ಕಿ ಕೊಡಿಸಿದರು. ಮೇಲೆ ಶೇಂಗಾ ಕಡಿಮೆ ಇತ್ತು. "ಇಪ್ಪತ್ತಕ್ಕೆ ಒಂದು," ಎಂದು ಅಂಗಡಿಯವನಿಗೆ ಕೇಳುವಂತೆ ಗೊಣಗಿದರು. ಇಲ್ಲಿನ ಹುಡುಗರು ಚುರುಕು, ಕುರಿ ಎಣಿಸಿ ಅಭ್ಯಾಸ ಇರುವುದರಿಂದ ಎಷ್ಟು ಎಂದು ತಾವೇ ಕೇಳುತ್ತಾರೆ ಎಂದರು. ನನ್ನ ಮಕ್ಕಳ ಬಗ್ಗೆ ಕೇಳಿದರು. ಚನ್ನಗಿರಿಯ ಎಂಟು ಮಂದಿಯಲ್ಲಿ ಯಾರಾದರೂ ಸಿಗುತ್ತಾರಾ ಎಂದು ಕೇಳಿದರು. "ವಿಚಾರಿಸ್ತೀನಿ ಸಾರ್," ಎಂದೆ. ಹೇಳಬೇಕಾದದ್ದನ್ನು ಹೇಳಲು ಬಸ್ಸು ಬರುವವರೆಗೆ ಇಪ್ಪತ್ತೈದು ನಿಮಿಷ ಇತ್ತು. ಬಸ್ಸು ಬಂತು. ನಾನು ಹತ್ತಿದೆ. ಅವರು ಕೆಳಗೆ ನಿಂತು, "ನೀನು ಮಾತ್ರ ಬಸ್ಸು ತಪ್ಪಿಸ್ಕೊಳ್ಳಲ್ಲ ನೋಡು," ಎಂದರು.

ಮತ್ತೆ ನೋಡಲಿಲ್ಲ.

ಅವರು ತೀರಿಕೊಂಡ ಮೇಲೆ ಆ ಕವರನ್ನು ಸಂಪಾದಕರ ಮುಂದಿಟ್ಟೆ. ಅವರು ಓದಿ, ದಿನಾಂಕ ನೋಡಿ, ಏಳು ವರ್ಷದ ಹಿಂದಿನ ಸುದ್ದಿಗೆ ತಿದ್ದುಪಡಿ ಹಾಕುವ ಪದ್ಧತಿ ಇಲ್ಲ ಎಂದರು. ಅವರು ಹೇಳಿದ್ದು ಸರಿ; ಇಲ್ಲ. ಆಮೇಲೆ ಎಂಟು ಮಂದಿಯನ್ನು ಹುಡುಕಲು ಶುರು ಮಾಡಿದೆ. ಹೆಸರುಗಳು ಶಾಲೆಯ ಪಟ್ಟಿಯಲ್ಲಿದ್ದವು. ಮೇಷ್ಟ್ರು ಹಟ ಮಾಡಿ ಸೇರಿಸಿದ್ದ ಪಟ್ಟಿ.

ಹಾಲಮ್ಮ ಸಿಕ್ಕಿದ್ದು ಈ ವರ್ಷ, 1989ರ ಆಗಸ್ಟಿನಲ್ಲಿ. ಹೊನ್ನಾಳಿಯ ಒಂದು ಆಸ್ಪತ್ರೆಯಲ್ಲಿ ಆಯಾ ಆಗಿದ್ದಾಳೆ. ಮಧ್ಯಾಹ್ನದ ಬಿಡುವಿನಲ್ಲಿ ಹಿಂದಿನ ಮೆಟ್ಟಿಲ ಮೇಲೆ ಕೂತು ಮಾತಾಡಿದೆವು. ಮೇಷ್ಟ್ರು ತೀರಿಕೊಂಡದ್ದು ಅವಳಿಗೆ ಗೊತ್ತಿರಲಿಲ್ಲ. ಸೆರಗಿನ ಅಂಚು ಮಡಚುತ್ತಾ ಹೇಳಿದಳು:

"ಅವರು ಹೋದ್ಮ್ಯಾಲೆ ಯಾರೂ ಹೇಳ್ಕೊಡ್ಲಿಲ್ರಿ. ಅಕ್ಟೋಬರಿಗೆ ಕೂರಾಕೆ ಧೈರ್ಯ ಬರಲಿಲ್ಲ. ಆಮ್ಯಾಲೆ ವಯಸ್ಸು ಮೀರ್ತು. ಅದ್ಯಾವನೋ ಪೇಪರ್‌ನಾಗೆ ಬರೆದನಂತಲ್ರಿ, ಅವನು ಯಾರಂತ ಗೊತ್ತಾತೇನ್ರಿ?"

"ನಾನೇ ಕಣಮ್ಮ."

ಅವಳು ನನ್ನ ಮುಖ ನೋಡಿದಳು. "ತಿದ್ದಿ ಕಳಿಸಿದ್ದ ಅಂತ ಸಾರು ನಮ್ಮ ಮುಂದೆ ಹೇಳಿದ್ರಲ್ರಿ."

ಕವರು ತೆಗೆದು ಕೊಟ್ಟೆ. ಮಡಿಕೆಗಳಲ್ಲಿ ಹರಿಯಲು ಬಂದಿದ್ದ ಹಾಳೆಯನ್ನು ಬಿಡಿಸಿ, ತುಟಿ ಅಲ್ಲಾಡಿಸುತ್ತಾ ಓದಿದಳು. ಹೊರಗಿನ ವಿಳಾಸ ನೋಡಿದಳು. ನನ್ನ ಜೇಬಿನ ಪೆನ್ನು ಕೇಳಿ ತಗೊಂಡು ಕವರಿನ ಹಿಂಬದಿಯಲ್ಲಿ ಎಪ್ಪತ್ತು ಬರೆದಳು, ಐವತ್ತು ಬರೆದಳು, ಸೊನ್ನೆ ಇಟ್ಟು ಭಾಗಿಸಿದಳು. ಎರಡು ಸಲ ತಾಳೆ ನೋಡಿದಳು.

"ಎಪ್ಪತ್ತೊಂದು ಪಾಯಿಂಟ್ ನಾಕು. ಲೆಕ್ಕ ಸರಿ ಐತ್ರಿ," ಎಂದು ಹಾಳೆಯನ್ನು ಮಡಚಿ ವಾಪಸು ಕೊಟ್ಟಳು. ಒಳಗಿನಿಂದ ಯಾರೋ ಕೂಗಿದರು, ಎದ್ದು ಹೋದಳು.

ಎಂಟು ಮಂದಿಯಲ್ಲಿ ಏಳು ಮಂದಿ ಈವರೆಗೆ ಸಿಕ್ಕಿದ್ದಾರೆ. ಎಂಟನೆಯವನು ಉಬ್ರಾಣಿಯವನೆಂದು ಪಟ್ಟಿಯಲ್ಲಿದೆ. ಉಬ್ರಾಣಿಗೆ ಎರಡು ಸಲ ಹೋಗಿ ಬಂದಿದ್ದೇನೆ, ಸಿಕ್ಕಿಲ್ಲ. ಉಳಿದ ಏಳು ಮಂದಿಯಲ್ಲಿ ಮತ್ತೆ ಪರೀಕ್ಷೆಗೆ ಕೂತವರು ಯಾರೂ ಇಲ್ಲ.